ಪಸೆಯಿಲ್ಲದ ಬೆರಳು

ಬೆರಳು ಸ್ವಲ್ಪ ಒದ್ದೆ ಮಾಡಿಕೊ ಎಂದು ನಾನು ನನ್ನ ಅಕ್ಕನಿಗೆ ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಅಷ್ಟೇ. ಅದಕ್ಕೆ ಓದು ಬೇಕಿರಲಿಲ್ಲ, ದೊಡ್ಡ ಧೈರ್ಯವೂ ಬೇಕಿರಲಿಲ್ಲ. ದೇವದುರ್ಗದ ಒಂದು ಮನೆಯ ಪಡಸಾಲೆಯಲ್ಲಿ, ಹತ್ತು ಹನ್ನೆರಡು ಜನರ ನಡುವೆ, ಅವಳು ಒಂದು ಟಿ.ವಿ.ಯ ಮುಂದೆ ಬೆರಳು ಚಾಚಿಕೊಂಡು ನಿಂತಿದ್ದಳು. ಅದು ಯಾಕೆ ಹತ್ತುತ್ತಿಲ್ಲ ಎಂದು ಆ ಪಡಸಾಲೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ. ಅವಳ ಮದುವೆ ಮುರಿಯಿತು. ಇಲ್ಲದ ರೋಗದ ಹೆಸರು ಅವಳಿಗೆ ಅಂಟಿಕೊಂಡಿತು.

ನಾನು ಮಾನ್ವಿಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದವನು. ಕೈಯಲ್ಲಿ ಪೆನ್ನಿಗಿಂತ ಕಾಯಿಸಿದ ಸೋಲ್ಡರ್ ಕಡ್ಡಿ ಹಿಡಿದದ್ದೇ ಹೆಚ್ಚು. ಆದರೂ ಇದನ್ನು ನಾನೇ ಬರೆಯಬೇಕು. ಬೇರೆ ಯಾರಾದರೂ ಬರೆದರೆ ನನ್ನ ಮೇಲೆ ಕರುಣೆ ತೋರಿಸಿಬಿಡುತ್ತಾರೆ.

ನಮ್ಮದು ಸುಣ್ಣದ ಕಸುಬು. ಮನೆಯ ಹಿಂದೆ ಕಲ್ಲು ಕಟ್ಟಿದ ಕುಣಿ ಇತ್ತು. ಸುಟ್ಟ ಸುಣ್ಣದ ಕಲ್ಲನ್ನು ಅದರಲ್ಲಿ ಸುರಿದು ನೀರು ಬಿಟ್ಟರೆ ಒಲೆಯಿಲ್ಲದೆಯೇ ಕೊತಕೊತ ಕುದಿಯುತ್ತಿತ್ತು. ತಣ್ಣಗಾದ ಮೇಲೆ ಅದನ್ನು ಕಲಸಿ, ಸೋಸಿ, ಗೋಡೆಗೆ ಬಳಿಯುವ ಸುಣ್ಣ ಬೇರೆ, ಎಲೆಅಡಿಕೆಗೆ ತಿನ್ನುವ ಸುಣ್ಣ ಬೇರೆ ಮಾಡಬೇಕು. ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ, ಅಕ್ಕನಿಗೆ ಹನ್ನೆರಡು. ಅಪ್ಪನಿಗೆ ದಮ್ಮು. ಅವತ್ತಿನಿಂದ ಕುಣಿ ಅಕ್ಕನದಾಯಿತು. ಹಬ್ಬ ಬಂತೆಂದರೆ ಏಣಿ ಹೊತ್ತು ಮಂದಿಯ ಮನೆಗಳಿಗೆ ಸುಣ್ಣ ಹಚ್ಚಲು ಹೋಗುತ್ತಿದ್ದಳು. ಉಳಿದ ದಿನಗಳಲ್ಲಿ ತಿನ್ನುವ ಸುಣ್ಣವನ್ನು ತೆಳು ಬಟ್ಟೆಯಲ್ಲಿ ಸೋಸಿ, ಡಬ್ಬಿಗೆ ತುಂಬಿ, ಪಾನ್ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದಳು.

ಸುಣ್ಣ ಮನುಷ್ಯನ ಕೈಯಲ್ಲಿರುವ ಎಣ್ಣೆಯನ್ನೆಲ್ಲ ಕುಡಿಯುತ್ತದೆ. ಇಪ್ಪತ್ತು ದಾಟುವ ಹೊತ್ತಿಗೆ ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಜೋಳದ ಒಣಗಿದ ಎಲೆಯ, ರವದಿಯ ಹಾಗೆ ಸರಸರ ಅನ್ನುತ್ತಿದ್ದವು. ದಿನಾ ಮಲಗುವ ಮುಂಚೆ ಕುಸುಬಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಬೆಳಿಗ್ಗೆ ಮತ್ತೆ ಕುಣಿಗಿಳಿದರೆ ತಿಕ್ಕಿದ್ದೆಲ್ಲ ದಂಡ.

ಎಪ್ಪತ್ತರ ದಶಕದ ನಡುವಿನಲ್ಲಿ, ಶಾಲೆ ಬಿಟ್ಟು ಸುಮ್ಮನೆ ತಿರುಗುತ್ತಿದ್ದ ನನ್ನನ್ನು ಬಸ್ಸು ಹತ್ತಿಸಿ ರಾಯಚೂರಿಗೆ ಕರೆದುಕೊಂಡು ಹೋದವಳು ಅವಳೇ. ಸ್ಟೇಶನ್ ರೋಡಿನ ಒಂದು ರೇಡಿಯೊ ರಿಪೇರಿ ಅಂಗಡಿಯ ಮುಂದೆ ನಿಲ್ಲಿಸಿ, ಅಲ್ಲಿನ ಉಸ್ತಾದರಿಗೆ, "ನಮ್ಮ ಮನಿಯಾಗ ನನ್ನ ಕೈ ಹೋದ್ರ ಸಾಕ್ರಿ. ಇವನ ಕೈ ಉಳೀಲಿ" ಎಂದಳು. ಉಸ್ತಾದರು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಚಿ ಬಿಚ್ಚಿ ನೋಡಿ, ಒಳಗೆ ಬಾ ಅಂದರು. ಅಂದರೆ ನನ್ನ ಕೈ ಮೆತ್ತಗೆ ಉಳಿದದ್ದು ಅವಳ ಕೈಯ ಲೆಕ್ಕದಲ್ಲಿ. ಇದನ್ನು ತಿಳಿದೂ ನಾನು ಮಾಡಿದ್ದು ಮುಂದೆ ಹೇಳುವ ಕೆಲಸ.

ಆ ಕಾಲದ ವಾಲ್ವ್ ರೇಡಿಯೊಗಳ ಮುಂಭಾಗದಲ್ಲಿ ಹಲ್ಲಿನ ಸಾಲಿನಂತೆ ಬಿಳಿ ಬಟನ್‌ಗಳಿರುತ್ತಿದ್ದವು. ಒಂದನ್ನು ಒತ್ತಿದರೆ ಇನ್ನೊಂದು ತಾನಾಗಿ ಮೇಲಕ್ಕೆ ಬರುತ್ತಿತ್ತು. ದನಿ ಹೆಚ್ಚು ಕಡಿಮೆ ಮಾಡುವ ತಿರುಗಣಿ ಬೆರಳಿಗೆ ಭಾರವಾಗಿ ಸಿಗುತ್ತಿತ್ತು. ಒಕ್ಕಲಿಗ ಬಂದು ಕೆಸರುಗೈಯಲ್ಲಿ ಒತ್ತಲಿ, ಸಾವಕಾರ ಉಂಗುರದ ಕೈಯಲ್ಲಿ ಒತ್ತಲಿ, ಟಕ್ಕೆಂದು ಒಂದೇ ಸಪ್ಪಳ. ಕೋಲಿನಿಂದ ಒತ್ತಿದರೂ ಕೆಲಸ ಮಾಡುತ್ತಿತ್ತು. ಬಟನ್ ಎಂಬುದು ನಿಮ್ಮ ಚರ್ಮವನ್ನು ಪರೀಕ್ಷೆ ಮಾಡುವುದಿಲ್ಲ. ನೀವು ಒತ್ತಿದಿರೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಬೇಕು. ಹತ್ತು ವರ್ಷ ಅಂಥವನ್ನೇ ಬಿಚ್ಚಿ ಜೋಡಿಸಿದ ನನಗೆ ಆ ಗುಣ ಎಷ್ಟು ದೊಡ್ಡದು ಎಂದು ಆಗ ಹೊಳೆದಿರಲಿಲ್ಲ.

ರಾಯಚೂರಿಗೆ ಟಿ.ವಿ. ಬಂದ ಹೊಸತು. ಉಸ್ತಾದರು ಮುಂಬಯಿಯಿಂದ ಒಂದು ಪರದೇಶದ ಸೆಟ್ಟು ತರಿಸಿದರು. ಯಾರೋ ಒಂದೆರಡು ವರ್ಷ ನೋಡಿ ಮಾರಿದ್ದು. ಅದರ ಮೈಮೇಲೆ ಒಂದೂ ಬಟನ್ ಇರಲಿಲ್ಲ. ಬದಲಿಗೆ ಎಂಟು ಹೊಳೆಯುವ ಚುಕ್ಕೆಗಳು, ಪ್ರತಿಯೊಂದರ ಪಕ್ಕ ಸಾಸಿವೆಯಷ್ಟು ಕೆಂಪು ದೀಪ. ಒತ್ತುವುದಿಲ್ಲ, ತಿರುಗಿಸುವುದಿಲ್ಲ. ಮುಟ್ಟಿದರೆ ದೀಪ ಹತ್ತಿ ಸೆಟ್ಟು ಚಾಲೂ ಆಗಬೇಕು. ಅಂಗಡಿಗೆ ಬಂದವರೆಲ್ಲ ಒಂದು ಸಲ ಮುಟ್ಟಿ ಹೋಗುತ್ತಿದ್ದರು.

ಒಂದು ದಿನ ಉಸ್ತಾದರು ಕೈಗೆ ಅಂಟಿದ ಗ್ರೀಸನ್ನು ಬಟ್ಟೆ ಸೋಡಾ ಹಾಕಿ ತೊಳೆದು, ಒರೆಸಿಕೊಂಡು ಬಂದು ಮುಟ್ಟಿದರು. ಹತ್ತಲಿಲ್ಲ. ಇನ್ನೊಮ್ಮೆ ಮುಟ್ಟಿದರು. ಇಲ್ಲ. ನಾನು ಮುಟ್ಟಿದೆ, ಹತ್ತಿತು. ಅವರು ಹಿಂದಿನ ಮುಚ್ಚಳ ಬಿಚ್ಚಿ, ಅರ್ಧ ಗಂಟೆ ಒಳಗೆ ಕಣ್ಣು ಹಾಕಿ ಕೂತು, ಕೊನೆಗೆ ನಕ್ಕರು. ಆ ಚುಕ್ಕೆ ಒಂದಲ್ಲ, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು ಕೂರಿಸಿದ ಎರಡು ತುಂಡು. ಬೆರಳಿಟ್ಟಾಗ ಚರ್ಮದ ಪಸೆಯ ಮೂಲಕ ಈ ತುಂಡಿನಿಂದ ಆ ತುಂಡಿಗೆ ಇಷ್ಟೇ ಇಷ್ಟು ಕರೆಂಟು ದಾಟಬೇಕು. ಪಸೆಯಿಲ್ಲದಿದ್ದರೆ ದಾಟುವುದಿಲ್ಲ. ಅವರು ಬೆರಳನ್ನು ಚಹಾದ ಬಸಿಯಲ್ಲಿದ್ದ ನೀರಿಗೆ ತಾಗಿಸಿ ಮುಟ್ಟಿದರು. ದೀಪ ಹತ್ತಿತು.

"ಬೇಟಾ, ಇದು ಕುಂತು ಉಣ್ಣೋರ ಸಲುವಾಗಿ ಮಾಡಿದ್ದು" ಎಂದರು. "ದುಡಿಯೋರ ಕೈ ಇದಕ್ಕ ಗುರ್ತು ಸಿಗೂದಿಲ್ಲ."

ನಾನು ನಕ್ಕೆ. ಮಾತು ಚೆನ್ನಾಗಿದೆ ಅನ್ನಿಸಿತೇ ಹೊರತು ಅಕ್ಕನ ಕೈ ನೆನಪಾಗಲಿಲ್ಲ.

ಅದೇ ವರ್ಷ ದೇವದುರ್ಗದಿಂದ ಅಕ್ಕನಿಗೆ ಸಂಬಂಧ ಬಂತು. ಅವಳಿಗೆ ಇಪ್ಪತ್ತೆಂಟಾಗಿತ್ತು, ಅಪ್ಪ ಆಸೆ ಬಿಟ್ಟಿದ್ದ. ಹುಡುಗನದು ಬಜಾರದಲ್ಲಿ ಬಟ್ಟೆ ಅಂಗಡಿ, ತಂದೆ ಇಲ್ಲ, ತಾಯಿಯದೇ ಮನೆಯಲ್ಲಿ ಮಾತು. ಹುಡುಗ ಸಾಧು, ಮೆಲ್ಲಗೆ ಮಾತಾಡುವವನು. ಮಾತುಕತೆಗೆ ಹೋದಾಗ ನಾನು ಸುಳ್ಳು ಹೇಳಿದೆ. ಅಕ್ಕ ಮನೆಯಲ್ಲೇ ಇರುತ್ತಾಳೆ, ಹೊಲಿಗೆ ಬಲ್ಲಳು ಅಂದೆ. ಸುಣ್ಣದ ಕುಣಿ ಅಜ್ಜನ ಕಾಲಕ್ಕೇ ಮುಗಿದ ಕೆಲಸ ಅಂದೆ. ಅಪ್ಪ ನನ್ನ ಮುಖ ನೋಡಿದ. ಅವನಿಗೆ ಕೆಮ್ಮು ಬಂತು. ದಾರಿಯಲ್ಲಿ ವಾಪಸು ಬರುವಾಗ, ಯಾಕೆ ಹಾಗಂದೆ ಎಂದು ಕೇಳಿದ. ಪೇಟೆಯ ಮಂದಿ, ಸುಣ್ಣದವಳು ಅಂದರೆ ಎದ್ದು ಹೋಗುತ್ತಾರೆ ಎಂದೆ. ನಿಜ ಏನೆಂದರೆ ಎದ್ದು ಹೋಗಬಹುದೆಂಬ ಹೆದರಿಕೆ ಅಕ್ಕನಿಗಾಗಿ ಇರಲಿಲ್ಲ. ಟಿ.ವಿ. ಮೆಕ್ಯಾನಿಕ್ ಎಂದು ಕೂತಿದ್ದ ನನ್ನ ಮರ್ಯಾದೆಗಾಗಿ ಇತ್ತು.

ಎಲೆಅಡಿಕೆ ಶಾಸ್ತ್ರ ಆಯಿತು. ಹುಡುಗನ ತಾಯಿ ಮನೆಗೆ ಟಿ.ವಿ. ತರಬೇಕು ಅಂದಾಗ ನಾನು ಎದೆ ಉಬ್ಬಿಸಿ ಮುಂದೆ ಬಂದೆ. ನಮ್ಮ ಅಂಗಡಿಯಲ್ಲಿ ಒಂದು ಸೆಟ್ಟಿದೆ, ಬಟನ್ ಒತ್ತುವ ಗೋಜಿಲ್ಲ, ಬೆರಳು ಮುಟ್ಟಿಸಿದರೆ ಸಾಕು, ಇಡೀ ದೇವದುರ್ಗದಲ್ಲಿ ಇನ್ನೊಂದಿಲ್ಲ ಎಂದೆ. ಉಸ್ತಾದರನ್ನು ಒಪ್ಪಿಸಿದೆ. ದೀಪಾವಳಿ ಮುಗಿದ ವಾರ, ಗೋಣಿಚೀಲ ಸುತ್ತಿ, ಮಡಿಲ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದೆ. ಮಾಳಿಗೆಯ ಮೇಲೆ ಉದ್ದನೆಯ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿದೆ.

ಹೊಸ ವಸ್ತುವನ್ನು ಮನೆಗೆ ಬರುವ ಸೊಸೆಯ ಕೈಯಿಂದಲೇ ಚಾಲೂ ಮಾಡಿಸಬೇಕು ಎಂದು ಹುಡುಗನ ತಾಯಿ ಹಟ ಹಿಡಿದರು. ಲಗ್ನಕ್ಕೆ ಮುಂಚೆ ಹುಡುಗಿ ಗಂಡಿನ ಮನೆಗೆ ಹೋಗುವುದು ನಮ್ಮಲ್ಲಿ ಇಲ್ಲ. ಆದರೆ ಅವರ ಮನೆಯಲ್ಲಿ ಹೊಸ ತಕ್ಕಡಿ ತಂದಾಗಲೂ, ಹೊಲಿಗೆ ಯಂತ್ರ ತಂದಾಗಲೂ ಹೀಗೇ ಲಕ್ಷ್ಮಿಯ ಕೈ ಮುಟ್ಟಿಸಿದ್ದರಂತೆ. ಊಟಕ್ಕೆ ಕರೆದ ಹಾಗೂ ಆಯಿತು ಎಂದು ನಮ್ಮನ್ನೆಲ್ಲ ಬರಹೇಳಿದರು.

ಅಕ್ಕ ಅದಕ್ಕೆ ಹಿಂದಿನ ಮೂರು ವಾರ ಬಿಡುವಿಲ್ಲದೆ ದೀಪಾವಳಿಯ ಸುಣ್ಣ ಹಚ್ಚಿದ್ದಳು. ಬೆರಳುಗಳು ಸೀಳಿ, ಬೆಳ್ಳಗೆ ಬಿಗಿದುಕೊಂಡಿದ್ದವು. ಹೊರಡುವ ಮುಂಚೆ ನಾನು ಅವುಗಳನ್ನು ನೋಡಿ ಮುಖ ಗಂಟು ಹಾಕಿದೆ. ಗೋರಂಟಿ ಹಚ್ಚಿಕೊ, ಸೀಳು ಕಾಣಬಾರದು, ಸೆರಗಿನೊಳಗೆ ಕೈ ಇಟ್ಟುಕೊ, ಸುಣ್ಣದ ಮಾತು ಬಾಯಲ್ಲಿ ಬರಕೂಡದು ಎಂದು ಹೇಳಿದೆ. ಆಜ್ಞೆ ಮಾಡುವವನ ಹಾಗೆ ಹೇಳಿದೆ. ಅವಳು ಎದುರಾಡಲಿಲ್ಲ. ಗೋರಂಟಿ ಅರೆದು ಹಚ್ಚಿಕೊಂಡಳು. ಸೀಳಿನೊಳಗೆ ಅದು ಉರಿದಿರಬೇಕು.

ಸಂಜೆ ಆರರ ಸುಮಾರು. ಪಡಸಾಲೆಯಲ್ಲಿ ಹುಡುಗನ ತಾಯಿ, ಅವನ ಸೋದರತ್ತೆ, ಅಕ್ಕಪಕ್ಕದ ಹೆಂಗಸರು. ಟಿ.ವಿ.ಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದಿದ್ದರು. ಅಕ್ಕ ಎದ್ದು ಹೋಗಿ ಮೊದಲ ಚುಕ್ಕೆಯ ಮೇಲೆ ತೋರುಬೆರಳಿಟ್ಟಳು.

ಏನೂ ಆಗಲಿಲ್ಲ.

ಬೆರಳು ತೆಗೆದು ಮತ್ತೆ ಇಟ್ಟಳು. ಗಟ್ಟಿಯಾಗಿ ಒತ್ತಿದಳು. ಒತ್ತಿದರೆ ಒಳಗೆ ಹೋಗುವಂಥದ್ದು ಅಲ್ಲಿ ಏನಾದರೂ ಇದ್ದರಲ್ಲವೆ. ಹುಡುಗನ ತಾಯಿ ನಗುತ್ತ ಮುಂದೆ ಬಂದು, "ಹಿಂಗ ನೋಡು ತಂಗಿ" ಎಂದು ತಾವು ಬೆರಳು ತಾಗಿಸಿದರು. ಕೆಂಪು ದೀಪ ಹತ್ತಿತು, ತೆರೆಯ ಮೇಲೆ ಹಿಮದಂತೆ ಚುಕ್ಕೆಗಳು ಹಾರಾಡಿ ಚಿತ್ರ ಮೂಡಿತು. ಎಲ್ಲರೂ ಹೋ ಅಂದರು. ತಾವು ಹತ್ತಿಸಿದರೆ ಶುಭಶಕುನವಲ್ಲ, ಸೊಸೆಯೇ ಮಾಡಬೇಕು ಎಂದು ಅವರು ಮತ್ತೆ ಆರಿಸಲು ಹೇಳಿದರು. ಆರಿಸಿದೆ. ಅಕ್ಕ ಬಲಗೈಯ ಬೆರಳುಗಳನ್ನೆಲ್ಲ ಒಂದೊಂದಾಗಿ ಇಟ್ಟಳು. ಆಮೇಲೆ ಎಡಗೈ. ನಗುವವರು ನಗುವುದನ್ನು ನಿಲ್ಲಿಸಿದರು.

ಅವಳು ತಿರುಗಿ ನನ್ನನ್ನು ನೋಡಿದಳು. ಕೇಳುವ ನೋಟ ಅದು. ಮೆಕ್ಯಾನಿಕ್ ನಾನು, ನನಗೆ ಗೊತ್ತಿರುತ್ತದೆ ಎಂಬ ನಂಬಿಕೆಯ ನೋಟ. ತಂಬಿಗೆಯ ನೀರು ಅವಳ ಕಾಲ ಬಳಿಯೇ ಇತ್ತು. ನೀರು ಮುಟ್ಟಿ ಮುಟ್ಟು ಅಂದಿದ್ದರೆ ಮುಗಿದಿತ್ತು. ಆದರೆ ಯಾಕೆ ನೀರು ಎಂದು ಯಾರಾದರೂ ಕೇಳುತ್ತಾರೆ, ಕೈ ಯಾಕೆ ಅಷ್ಟು ಒಣಗಿದೆ ಅನ್ನುತ್ತಾರೆ, ಸುಣ್ಣದ ಕುಣಿ ಹೊರಗೆ ಬರುತ್ತದೆ, ನಾನು ಸುಳ್ಳುಗಾರ ಆಗುತ್ತೇನೆ. ಇಷ್ಟು ಲೆಕ್ಕ ನನ್ನ ತಲೆಯಲ್ಲಿ ಒಂದು ಗಳಿಗೆಯಲ್ಲಿ ಓಡಿತು. ಇನ್ನೂ ಹೊಲಸಾದದ್ದನ್ನು ಹೇಳಿಬಿಡುತ್ತೇನೆ. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಮಂದಿಯ ಮುಂದೆ ನನ್ನ ಸೆಟ್ಟಿಗೆ ಅವಮಾನ ಮಾಡುತ್ತಿದ್ದಾಳೆ ಎಂದು ಸಿಟ್ಟು. ನಾನು ಮುಖ ತಿರುಗಿಸಿ ಆಂಟೆನಾದ ವೈರು ಸರಿಪಡಿಸುವವನಂತೆ ನಟಿಸಿದೆ.

ಸೋದರತ್ತೆ ಒಳಗಿನಿಂದ ಚಹಾ ತಂದರು. ಉಳಿದವರಿಗೆ ಕಪ್ಪಿನಲ್ಲಿ ಬಸಿ ಸಮೇತ ಕೊಟ್ಟು, ಅಕ್ಕನಿಗೆ ಮಾತ್ರ ಆಗಷ್ಟೇ ಇಳಿಸಿದ ಚಹಾವನ್ನು ಸ್ಟೀಲಿನ ಲೋಟದಲ್ಲಿ ಬರೀ ಕೈಗೆ ಕೊಟ್ಟರು. ಕುದಿಯುವ ಕುಣಿಯ ಜೊತೆ ಹದಿನಾರು ವರ್ಷ ಕಳೆದ ಕೈಗೆ ಅದು ಯಾವ ಲೆಕ್ಕ. ಅವಳು ತಲೆ ತಗ್ಗಿಸಿ ಲೋಟ ಹಿಡಿದು ಕೂತಳು. ಸೋದರತ್ತೆ ಅಡಿಗೆಮನೆಗೆ ಹೋಗಿ ಹುಡುಗನ ತಾಯಿಗೆ ಹೇಳಿದ್ದು ಗೋಡೆಯ ಈಚೆ ಇದ್ದ ನನಗೆ ಕೇಳಿಸಿತು.

"ಸುಡೋ ಲೋಟ ಹಿಡದು ಕುಂತಾಳ, ಖಬರ ಇಲ್ಲ. ಕೈ ಸತ್ತದ ಆಕೀದು. ದೊಡ್ಡ ರೋಗ ಹಿಂಗ ಶುರು ಆಗತದ."

ದೊಡ್ಡ ರೋಗ ಅಂದರೆ ಕುಷ್ಠ. ಆ ಹೆಂಗಸು ಕೆಟ್ಟವಳೇನೂ ಅಲ್ಲ, ಅವಳಿಗೆ ತಿಳಿದದ್ದು ಅಷ್ಟು. ಯಂತ್ರ ಹುಡುಗಿಯನ್ನು ಒಲ್ಲೆ ಅಂದಮೇಲೆ ತಪ್ಪು ಯಂತ್ರದ್ದಿರಲಾರದು ಎಂದು ಅವಳು ನಂಬಿದಳು. ಮುಂಬಯಿಯಿಂದ ಬಂದದ್ದು, ಪರದೇಶದ್ದು, ಸುಳ್ಳು ಹೇಳುತ್ತದೆಯೆ. ಈಗಲೂ ನೋಡುತ್ತೇನೆ. ಎಲ್ಲರ ಕೈಯಲ್ಲೂ ಗಾಜಿನ ಬಿಲ್ಲೆಯಂಥ ಫೋನು. ಹೆಬ್ಬೆರಳು ಒತ್ತಿ ರೇಶನ್ ತಗೊ ಅನ್ನುವ ಯಂತ್ರ. ಕಲ್ಲು ಒಡೆಯುವವನ ಬೆರಳು, ಪಾತ್ರೆ ತಿಕ್ಕುವವಳ ಬೆರಳು ಅದಕ್ಕೆ ಹಿಡಿಸುವುದಿಲ್ಲ. ಆಗ ಸಾಲಿನಲ್ಲಿ ನಿಂತವರೆಲ್ಲ ಆ ಬೆರಳಿನವರನ್ನು ನೋಡುತ್ತಾರೆ, ಯಂತ್ರವನ್ನು ಯಾರೂ ನೋಡುವುದಿಲ್ಲ. ನನಗೆ ಮೈ ಉರಿಯುತ್ತದೆ. ಆದರೆ ಉರಿಯುವ ಹಕ್ಕು ನನಗಿಲ್ಲ. ಆ ದಿನ ಯಂತ್ರದ ಕಡೆ ಸಾಕ್ಷಿ ನಿಂತವನು ನಾನು.

ಎಂಟು ದಿನದ ಮೇಲೆ ಆ ಹುಡುಗ ಒಬ್ಬನೇ ರಾಯಚೂರಿನ ನಮ್ಮ ಅಂಗಡಿಗೆ ಬಂದ. ಶುಕ್ರವಾರ, ಉಸ್ತಾದರು ನಮಾಜಿಗೆ ಹೋಗಿದ್ದರು. ಹುಡುಗ ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ರೇಡಿಯೊಗಳನ್ನು ನೋಡಿದ. ಮನೆಯಲ್ಲಿ ಏನೇನೋ ಮಾತಾಗುತ್ತಿದೆ, ತನಗೆ ನಂಬಿಕೆ ಬರುತ್ತಿಲ್ಲ ಎಂದ.

"ನೀವು ಇದೇ ಕೆಲಸ ಮಾಡೋರು. ಆ ಟಿ.ವಿ. ಅವರ ಕೈಗೆ ಯಾಕ ಹತ್ತಲಿಲ್ಲ, ಒಂದ ಮಾತು ಖರೇ ಹೇಳ್ರಿ. ನಾ ನಮ್ಮವ್ವಗ ತಿಳಿಸಿ ಹೇಳತೀನಿ."

ಇದಕ್ಕಿಂತ ದೊಡ್ಡ ಬಾಗಿಲು ಯಾರಿಗೆ ತೆರೆದೀತು. ನಾನು ಸೋಲ್ಡರ್ ಕಡ್ಡಿಯ ತುದಿಯನ್ನು ನೋಡುತ್ತ, "ಸೆಟ್ಟಿನಾಗ ಏನೂ ಫಾಲ್ಟ್ ಇಲ್ರಿ" ಎಂದೆ.

"ಮತ್ತ?"

"ನನಗೂ ತಿಳೀವಲ್ದು."

 ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಉಸ್ತಾದರು ಬಂದು, ಯಾರು ಬಂದಿದ್ದರು ಎಂದು ಕೇಳಿದರೆ ಗಿರಾಕಿ ಅಂದೆ. ಪಡಸಾಲೆಯಲ್ಲಿ ನಾನು ಗಾಬರಿಯಲ್ಲಿದ್ದೆ ಎಂದು ಯಾರಾದರೂ ನನ್ನ ಪರ ಮಾತಾಡಬಹುದು. ಅಂಗಡಿಯಲ್ಲಿ ಯಾವ ಗಾಬರಿಯೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು, ನಾನು, ಅವನು, ನಡುವೆ ಒಂದು ಮೇಜು. ನನ್ನ ಅಕ್ಕನನ್ನು ನಾನು ಅಲ್ಲಿ ಕೂತು, ಸಾವಧಾನವಾಗಿ ಮುಳುಗಿಸಿದೆ.

ಮದುವೆ ಮುರಿಯಿತು. ಕೊಟ್ಟ ಸೀರೆಯನ್ನು ಮಧ್ಯಸ್ಥನ ಕೈಯಲ್ಲಿ ವಾಪಸು ಕಳಿಸಿ ಎಂದರು. ಮಾತು ದೇವದುರ್ಗದಿಂದ ಮಾನ್ವಿಗೆ ಬರಲು ಬಹಳ ದಿನ ಹಿಡಿಯಲಿಲ್ಲ. ಅಕ್ಕ ತಾನೇ ರಾಯಚೂರಿನ ದವಾಖಾನೆಗೆ ಹೋಗಿ ತೋರಿಸಿಕೊಂಡಳು. ಡಾಕ್ಟರು ಕಣ್ಣು ಮುಚ್ಚಿಸಿ ಸೂಜಿ ಚುಚ್ಚಿದರು, ಅರಳೆ ಸವರಿದರು, ಎಲ್ಲವೂ ಅವಳಿಗೆ ತಿಳಿಯಿತು. ರೋಗವಿಲ್ಲ ಎಂದು ಚೀಟಿ ಬರೆದು ಕೊಟ್ಟರು. ಆ ಚೀಟಿಯನ್ನು ನನ್ನ ಮುಂದೆ ಹಿಡಿದು, "ಇದನ್ನ ಯಾರಿಗೆ ತೋರಸ್ಲಿ ಹೇಳು. ಮನಿ ಮನಿಗೆ ಹೋಗಿ ಓದ್ಲೇನು?" ಎಂದಳು.  ಆಮೇಲೆ ಅದನ್ನು ಪೆಟ್ಟಿಗೆಯಲ್ಲಿ ತನ್ನ ಹಳೆಯ ಸೀರೆಗಳ ಕೆಳಗೆ ಇಟ್ಟಳು.

ಪಾನ್ ಅಂಗಡಿಯವರು ಒಬ್ಬೊಬ್ಬರಾಗಿ ತಿನ್ನುವ ಸುಣ್ಣ ಬೇಡವೆಂದರು. ಮುಖದ ಮೇಲೆ ಯಾರೂ ಅನ್ನಲಿಲ್ಲ. ಇನ್ನೂ ಉಳಿದಿದೆ, ಮುಂದಿನ ವಾರ ನೋಡೋಣ ಎಂದರು. ಗೋಡೆಯ ಸುಣ್ಣಕ್ಕೆ ಕರೆಯುವವರು ಮಾತ್ರ ಕರೆದರು, ಕುಡಿಯಲು ನೀರನ್ನು ಮೇಲಿಂದ ಸುರಿದರು. ಅಕ್ಕನಲ್ಲೂ ಏನೋ ಬದಲಾಯಿತು. ಕರೆಂಟಿನ ಯಾವ ಸಾಮಾನನ್ನೂ ಮುಟ್ಟುತ್ತಿರಲಿಲ್ಲ. ಮನೆಯ ದೀಪದ ಸ್ವಿಚ್ಚು ಹಾಕಲೂ ಅಪ್ಪನನ್ನೋ, ರಜೆಗೆ ಊರಿಗೆ ಬಂದ ನನ್ನನ್ನೋ ಕರೆಯುತ್ತಿದ್ದಳು. ಅದು ಬರೀ ಕರಿಯ ಸ್ವಿಚ್ಚು, ಕೋಳಿ ಕುಕ್ಕಿದರೂ ಹತ್ತುವಂಥದ್ದು. ಯಾರೂ ಇಲ್ಲದಿದ್ದರೆ ಕತ್ತಲಲ್ಲೇ ರೊಟ್ಟಿ ಬಡಿಯುತ್ತಿದ್ದಳು. ನಾನು ಬಂದು ದೀಪ ಹಾಕಿ, ಹಾಕಿಕೊಳ್ಳಬಾರದೇನು ಎಂದು ಗದರುತ್ತಿದ್ದೆ. ಗದರುತ್ತಿದ್ದೆ, ನೋಡಿ.

ವರ್ಷಗಳು ಹೋದವು. ಅಪ್ಪ ತೀರಿಕೊಂಡ. ಉಸ್ತಾದರು ಕಣ್ಣು ಮಂಜಾಗಿ ಅಂಗಡಿ ಮುಚ್ಚಿದರು. ನಾನು ಮಾನ್ವಿಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಹಾಕಿದೆ, ಮದುವೆಯಾದೆ. ಮಧ್ಯಾಹ್ನದ ಬುತ್ತಿಯನ್ನು ಅಕ್ಕ ತರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಕವಿತಾಳದಲ್ಲಿ ಮನೆ ಕಟ್ಟುವ ಗೌಂಡಿಯೊಬ್ಬ ಬಸ್ಸಿನಲ್ಲಿ ಒಂದು ಹಳೆಯ ಸೆಟ್ಟು ತಂದ. ಅಂಥದ್ದೇ, ಚುಕ್ಕೆಗಳದ್ದು. ಹೆಂಡತಿ ಮುಟ್ಟಿದರೆ ಹತ್ತುತ್ತದೆ, ತಾನು ಮುಟ್ಟಿದರೆ ಇಲ್ಲ, ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ ಎಂದು ದೂರಿದ. ನಾನು ತಲೆಯೆತ್ತದೆ, ಬೇರೊಂದು ಕೆಲಸ ಮಾಡುತ್ತಲೇ ಅಂದೆ:

"ಸಿಮೆಂಟ್ ಹಿಡಿಯೋ ಕೈ ನಿಮ್ಮದು, ಪಸಿ ಇರಂಗಿಲ್ಲ. ಬೆರಳು ನೀರಾಗ ಅದ್ದಿ ಮುಟ್ರಿ, ಹತ್ತತದ. ನಿಮ್ಮ ಕೈಗೆ ಏನೂ ಆಗಿಲ್ಲ."

ಗೌಂಡಿ ನಕ್ಕ. ನಾನು ತಲೆಯೆತ್ತಿದೆ. ಬಾಗಿಲಲ್ಲಿ ಅಕ್ಕ ಬುತ್ತಿ ಹಿಡಿದು ನಿಂತಿದ್ದಳು. ಅಪರಿಚಿತನೊಬ್ಬನಿಗೆ, ಕೇಳಿದ ತಕ್ಷಣ, ಬಿಟ್ಟಿಯಾಗಿ ಕೊಟ್ಟ ಮಾತು ಅದು. ಅವಳು ಬುತ್ತಿಯನ್ನು ಸ್ಟೂಲಿನ ಮೇಲಿಟ್ಟು ಹೋದಳು.

ಕೇಳಿಸಿರಲಿಕ್ಕಿಲ್ಲ ಎಂದು ಮೂರು ದಿನ ನನಗೆ ನಾನೇ ಹೇಳಿಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಕುಣಿಯ ಅಂಚಿನಲ್ಲಿ ಕೂತಿದ್ದಳು. ನಾನು ಹಲ್ಲುಜ್ಜುತ್ತಿದ್ದೆ.

"ಯಾವಾಗಿಂದ ಗೊತ್ತು ನಿನಗ?"

ಯಾವುದು ಎಂದು ಕೇಳುವಷ್ಟು ನಾಚಿಕೆಗೇಡಿ ನಾನು ಆಗಲಿಲ್ಲ. ಅವತ್ತಿಗಿಂತ ಮೊದಲೇ ಗೊತ್ತಿತ್ತು ಎಂದೆ. ಆಮೇಲೆ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅಂಥ ಮಂದಿಯ ಮನೆಗೆ ಹೋಗಿ ಸುಖವಾಗುತ್ತಿರಲಿಲ್ಲ ಅಂದೆ, ಒಂದು ಲೋಟ ಚಹಾದಲ್ಲಿ ಮನುಷ್ಯಳನ್ನು ಅಳೆಯುವವರು ಅಂದೆ, ಆದದ್ದು ಒಳ್ಳೆಯದಕ್ಕೇ ಅಂದೆ. ತಪ್ಪಾಯಿತು ಎಂಬ ಒಂದು ಮಾತನ್ನು ಬಿಟ್ಟು ಬೇರೆಲ್ಲ ಮಾತಾಡಿದೆ.

ಅವಳು ಪೂರ್ತಿ ಕೇಳಿದಳು. "ಗೌಂಡಿಗಿ ಹೇಳಾಕ ಬಾಯಿ ಅದ ನಿನಗ" ಎಂದಳು. "ಅವರು ಅಂದಿದ್ದು ಬಿಡು ತಮ್ಮಾ. ನನ್ನ ಕೈ ಸತ್ತದ ಅಂತ ಇಷ್ಟು ವರ್ಷ ನಾನೂ ನಂಬೀನಿ. ದವಾಖಾನಿ ಚೀಟಿ ಕೈಯಾಗ ಹಿಡಕೊಂಡು ನಂಬೀನಿ."

ಆ ವಾರವೇ ಅವಳು ಮಸರಕಲ್ಲಿಗೆ, ನಮ್ಮ ಚಿಕ್ಕವ್ವನ ಮನೆಗೆ ಹೋಗಿಬಿಟ್ಟಳು. ಬುತ್ತಿಯನ್ನು ಹೆಂಡತಿ ತರತೊಡಗಿದಳು. ನಾನು ಹೋಗುತ್ತೇನೆ ಹೋಗುತ್ತೇನೆ ಎಂದು ನಾಲ್ಕು ತಿಂಗಳು ದೂಡಿದೆ. ಕೊನೆಗೆ ಹೋದೆ. ಅವಳು ಚಿಕ್ಕವ್ವನ ಹಿತ್ತಿಲ ಗೋಡೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ತಲೆ ತಗ್ಗಿಸಿ, ತಪ್ಪಾಗಿದೆ ಎಂದು ಗೊಣಗಿದೆ. ಅವಳು ಏಣಿಯಿಂದ ಇಳಿಯಲಿಲ್ಲ.

"ಹಿತ್ತಲದಾಗ ಬಂದು ನನ್ನ ಕಿವಿಯಾಗ ಹೇಳಿದ್ರ ಏನಾತು. ನೀ ಸುಮ್ಮ ನಿಂತಿದ್ದು ಮಂದಿ ಮುಂದ. ಹೇಳೂದೂ ಅಲ್ಲೇ ಹೇಳು."

"ಅವಗ ಮದಿವಿ ಆಗಿ ಮಕ್ಕಳಾಗ್ಯಾವ ಅಕ್ಕಾ."

"ನನಗ ಅವ ಬೇಕಾಗಿಲ್ಲ. ನನ್ನ ಹೆಸರು ಬೇಕಾಗೇದ."

ಮರುದಿನ ಇಬ್ಬರೂ ದೇವದುರ್ಗದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡಿದಳು. ಸಂತೆಯ ದಿನ. ಬಟ್ಟೆ ಅಂಗಡಿಯ ಮುಂದೆ ಜನ ತುಂಬಿದ್ದರು. ಹಣದ ಗಲ್ಲೆಯ ಹಿಂದೆ ಅವನು ಕೂತಿದ್ದ, ಕೂದಲು ಅರ್ಧ ಉದುರಿತ್ತು. ಪಕ್ಕದಲ್ಲಿ ಅವನ ತಾಯಿ, ಸೀರೆಯ ಗಂಟು ಬಿಚ್ಚಿ ಗಿರಾಕಿಗಳಿಗೆ ತೋರಿಸುತ್ತಿದ್ದರು. ಅಕ್ಕ ಮೆಟ್ಟಿಲ ಕೆಳಗೇ ನಿಂತಳು. ನಾನೊಬ್ಬನೇ ಮೇಲೆ ಹತ್ತಿದೆ.

ಅವರಿಗೆ ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ತಾಯಿಯ ಕಣ್ಣು ಕೆಳಗೆ ನಿಂತ ಅಕ್ಕನ ಮೇಲೆ ಹೋಯಿತು. ಒಳಗೆ ಬಂದು ಕೂಡ್ರಿ, ಮಾತಾಡೋಣ ಅಂದರು. ಗಿರಾಕಿಗಳ ಮುಂದೆ ಬೇಡ ಎಂಬುದು ಅದರ ಅರ್ಥ. ನನಗೂ ಒಳಗೆ ಹೋಗಿಬಿಡುವ ಆಸೆ ಆಯಿತು. ಬಾಗಿಲು ಮುಚ್ಚಿಕೊಂಡು, ಮೆಲ್ಲಗೆ, ಅರ್ಧ ನುಂಗಿ ಹೇಳಬಹುದಿತ್ತು. ನಾನು ಅಲ್ಲೇ ನಿಂತು ಗಟ್ಟಿಯಾಗಿ ಶುರು ಮಾಡಿದೆ. ನಮ್ಮ ಅಕ್ಕ ಚಿಕ್ಕಂದಿನಿಂದ ಸುಣ್ಣದ ಕೆಲಸ ಮಾಡಿದವಳು, ಅದನ್ನು ನಿಮ್ಮಿಂದ ಮುಚ್ಚಿಟ್ಟವನು ನಾನು ಎಂದೆ. ಸುಣ್ಣಕ್ಕೆ ಕೈ ಒಣಗಿದರೆ ಆ ಟಿ.ವಿ. ಹತ್ತುವುದಿಲ್ಲ, ನೀರು ಮುಟ್ಟಿದ್ದರೆ ಹತ್ತುತ್ತಿತ್ತು ಎಂದೆ. ಇದು ನನಗೆ ಅವತ್ತೂ ಗೊತ್ತಿತ್ತು, ನಿಮ್ಮ ಮಗ ರಾಯಚೂರಿಗೆ ಬಂದು ಕೇಳಿದಾಗಲೂ ಗೊತ್ತಿತ್ತು ಎಂದೆ. ಅವನು ಗಲ್ಲೆಯ ಮೇಲೆ ಎರಡೂ ಕೈ ಊರಿಕೊಂಡು ಎದ್ದು ನಿಂತ.  ಸೀರೆ ನೋಡುತ್ತಿದ್ದ ಹೆಂಗಸರು ಕೈ ಬಿಟ್ಟು ನಮ್ಮ ಕಡೆ ತಿರುಗಿದ್ದರು.

"ಈಗ ಬಂದು ಹೇಳಿದ್ರ ಏನು ಬಂತಪ್ಪಾ" ಎಂದರು ತಾಯಿ.

 ನಾನು ಮೆಟ್ಟಿಲ ಕಡೆ ತಿರುಗಿದೆ. ಬಜಾರದವರೆಲ್ಲ ಕೇಳುವಂತೆ, ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳುತ್ತಿದ್ದಾಗ, ಹೇಳಿದೆ:

"ಅಕ್ಕಾ, ನಿನ್ನ ಕೈಗೆ ಏನೂ ಆಗಿದ್ದಿಲ್ಲ. ನನಗ ಗೊತ್ತಿತ್ತು, ನಾ ಹೇಳಲಿಲ್ಲ. ನನ್ನ ಮಾನಕ್ಕಾಗಿ ನಿನ್ನ ಬಾಳು ಹಾಳು ಮಾಡಿದೆ. ತ‌ಪ್ಪು ನನ್ನದು, ಯವ್ವಾ. ನನ್ನ ಕ್ಷಮಾ ಮಾಡು."